ಎಂಬತ್ತು ಅಡಿ ಡಾಂಬರು

ಬಾಗಲಗುಂಟೆಯ ಆಚೆ, ಹೆಸರಘಟ್ಟ ರಸ್ತೆಗೆ ಬೆನ್ನು ತಿರುಗಿಸಿಕೊಂಡು ಕೂತಿರುವ ಐದನೇ ಅಡ್ಡರಸ್ತೆಯಲ್ಲಿ ಒಟ್ಟು ಇಪ್ಪತ್ತಮೂರು ಮನೆ. ಅವುಗಳಲ್ಲಿ ಕಾರಿದ್ದದ್ದು ನಾಲ್ಕು ಮನೆಗಳಿಗೆ. ಮುನಿವೆಂಕಟಯ್ಯನವರ ಮನೆ ಆ ನಾಲ್ಕರಲ್ಲಿ ಸೇರಿರಲಿಲ್ಲ. ಆದರೆ ಡ್ರೈವ್‌ವೇ ಅಂತ ಇದ್ದದ್ದು ಅವರೊಬ್ಬರಿಗೇ.

ಅಪ್ಪನ ಕಾಲದ ರಾಗಿಹೊಲವನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗ, ಅಗಲವಾದದ್ದನ್ನೆಲ್ಲ ಉಳಿದವರು ಆರಿಸಿಕೊಂಡು, ಉದ್ದವಾದದ್ದನ್ನು ಇವರಿಗೆ ಬಿಟ್ಟಿದ್ದರು. ಅದರ ಒಂದು ಮಗ್ಗುಲಿಗೆ ಮನೆ ಕಟ್ಟಿಸಿದ ಮೇಲೆ ಪಕ್ಕದಲ್ಲಿ ಹತ್ತು ಅಡಿ ಅಗಲ, ಎಂಬತ್ತು ಅಡಿ ಉದ್ದದ ಓಣಿಯಂಥ ಜಾಗ ಉಳಿಯಿತು. ಈ ತುದಿಗೆ ಗೇಟು. ಅಡ್ಡರಸ್ತೆ ನೆಟ್ಟಗೆ ಬಂದು ಆ ಗೇಟಿಗೇ ಮುಗಿಯುತ್ತಿತ್ತು. ಆ ತುದಿಗೆ ಕಾಂಪೌಂಡು ಗೋಡೆ. ಗೋಡೆಯ ಆಚೆ ಹೆಸರಘಟ್ಟ ರಸ್ತೆ, ಬಸ್ ಸ್ಟಾಪು. ಪೀಣ್ಯದ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಮೂವತ್ತೊಂದು ವರ್ಷ ನಟ್ಟು ಬೋಲ್ಟು ಎಣಿಸಿ ನಿವೃತ್ತರಾಗುವವರೆಗೂ ಮುನಿವೆಂಕಟಯ್ಯನವರ ಪಾಲಿಗೆ ಅದು ಬರಿಯ ಓಣಿಯಾಗಿತ್ತು. ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಧೂಳು, ಎರಡೂ ಕಾಲದಲ್ಲಿ ಅವರ ಮೊಪೆಡ್ಡು.

ಅದಕ್ಕೆ ಇನ್ನೊಂದು ಹೆಸರಿದೆ ಎಂದು ತಿಳಿದದ್ದು ೨೦೧೧ರಲ್ಲಿ, ಯಲಹಂಕದಲ್ಲಿ. ಹೆಂಡತಿಯ ಕಡೆಯ ನೆಂಟ ಶಿವರಾಮ್ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದ. ಗೇಟಿನಿಂದ ಪೋರ್ಟಿಕೋವರೆಗೆ ಕಪ್ಪಗೆ ಮಿರುಗುವ ಡಾಂಬರು. ಅದರ ಮೇಲೆ ಕಾಲಿಡಹೊರಟ ಮುನಿವೆಂಕಟಯ್ಯನವರನ್ನು ಶಿವರಾಮ್ ನಯವಾಗಿ ತಡೆದು, ಚಪ್ಪಲಿ ಇಲ್ಲೇ ಬಿಡಿ ಮಾವ, ಡ್ರೈವ್‌ವೇ ಇನ್ನೂ ಹೊಸದು ಎಂದ. ದೇವಸ್ಥಾನದ ಮುಂದಲ್ಲದೆ ಒಂದು ರಸ್ತೆಗೋಸ್ಕರ ಅವರು ಚಪ್ಪಲಿ ಬಿಟ್ಟದ್ದು ಅದೇ ಮೊದಲು. ಊಟದಲ್ಲಿ ಎರಡನೇ ಸಲ ಹೋಳಿಗೆ ಬಡಿಸಲು ಬಂದವರಿಗೂ ಬೇಡ ಎಂದರು. ಮನೆ ತಲುಪಿ ಗೇಟು ತೆಗೆದವರು ಓಣಿಯನ್ನು ಆ ತುದಿಯವರೆಗೆ ದಿಟ್ಟಿಸಿ, ನಮ್ಮ ಡ್ರೈವ್‌ವೇಗೆ ಡಾಂಬರು ಹಾಕಿಸಬೇಕು ಎಂದು ಹೆಂಡತಿ ಮುನಿಕೃಷ್ಣಮ್ಮನಿಗೆ ಹೇಳಿದರು. ನಮ್ಮ ಯಾವುದಕ್ಕೆ ಎಂದು ಆಕೆ ಕೇಳಿದರು.

ದಾಸರಹಳ್ಳಿಯ ಮೇಸ್ತ್ರಿಯೊಬ್ಬ ಪೀಪಾಯಿಯಲ್ಲಿ ಟಾರು ಕಾಯಿಸಿ, ಜಲ್ಲಿ ಬೆರೆಸಿ, ಸಣ್ಣ ರೋಲರ್ ಉರುಳಿಸಿ ಎರಡು ದಿನದಲ್ಲಿ ಕೆಲಸ ಮುಗಿಸಿದ. ಬೀದಿಯೆಲ್ಲ ಬಂದು ನೋಡಿತು. ಎದುರುಮನೆಯ ಗಂಗರತ್ನಮ್ಮ, ಕಾರು ಯಾವಾಗ ಬರುತ್ತೆ ಮುನಿಯಣ್ಣ ಎಂದು ವಿಚಾರಿಸಿದರು. ಕಾರು ಇವತ್ತು ಬರುತ್ತೆ ನಾಳೆ ಹೋಗುತ್ತೆ, ಡ್ರೈವ್‌ವೇ ಶಾಶ್ವತ ಎಂದು ಮುನಿವೆಂಕಟಯ್ಯನವರು ಉತ್ತರಿಸಿದರು. ಈ ಮಾತು ಬೀದಿಯಲ್ಲಿ ಒಂದು ವಾರ ಓಡಾಡಿತು.

ಹಾಕಿಸುವುದು ದೊಡ್ಡದಲ್ಲ, ಕಾಪಾಡುವುದು ದೊಡ್ಡದು. ದಿನಾ ಬೆಳಿಗ್ಗೆ ಅವರು ಎಂಬತ್ತು ಅಡಿಯನ್ನೂ ಗುಡಿಸುತ್ತಿದ್ದರು. ಅಂಚಿನಲ್ಲಿ ಹುಟ್ಟಿದ ಗರಿಕೆಯನ್ನು ಬೇರುಸಹಿತ ಕೀಳುತ್ತಿದ್ದರು. ಕೂದಲೆಳೆಯಷ್ಟು ಬಿರುಕು ಕಂಡರೂ ಡಬ್ಬಿಯಲ್ಲಿ ಟಾರು ಕರಗಿಸಿ ಹೊಯ್ದು, ಮೇಲೆ ಸಣ್ಣ ಮರಳು ಉದುರಿಸಿ, ಅವ್ವನ ಕಾಲದ ಇದ್ದಿಲ ಇಸ್ತ್ರಿಪೆಟ್ಟಿಗೆಯಿಂದ ಒತ್ತುತ್ತಿದ್ದರು. ಬಿಸಿಲಿಗೆ ಟಾರು ಮೆತ್ತಗಾಗಿ ಗಾಡಿಗಳ ಸ್ಟ್ಯಾಂಡು ಇಳಿಯುತ್ತದೆಂದು, ಬಂದವರ ಸ್ಟ್ಯಾಂಡಿನ ಕೆಳಗೆ ತಾವೇ ಬಗ್ಗಿ ಹಲಗೆ ತುಂಡು ಇಡುತ್ತಿದ್ದರು. ಎಣ್ಣೆ ಸೋರುವ ಗಾಡಿಗೆ ಒಳಗೆ ಪ್ರವೇಶವೇ ಇರಲಿಲ್ಲ. ದೀಪಾವಳಿಗೆ ಬಂದ ಅಳಿಯನ ಬೈಕಿನ ಕೆಳಗೆ ಬಾಂಡ್ಲಿ ಇಟ್ಟದ್ದಕ್ಕೆ ಮಗಳು ಬಿಂದುಶ್ರೀ ಎರಡು ತಿಂಗಳು ಫೋನ್ ಮಾಡಲಿಲ್ಲ. ಮುನಿವೆಂಕಟಯ್ಯನವರಿಗೆ ಅದು ಗೊತ್ತಾದದ್ದೇ ಮೂರನೇ ತಿಂಗಳಲ್ಲಿ.

ಹೀಗೆ ಮೂರು ವರ್ಷ ಕಳೆಯಿತು. ಗೇಟಿನ ಒಳಗೆ ಡಾಂಬರು, ಹೊರಗೆ ಐದನೇ ಅಡ್ಡರಸ್ತೆಯ ಹಳ್ಳದಿಣ್ಣೆ. ಬೀದಿಯವರು ಕೊಟ್ಟ ಅರ್ಜಿಗಳಿಗೆ ಲೆಕ್ಕವಿಲ್ಲ. ೨೦೧೪ರ ಏಪ್ರಿಲ್‌ನಲ್ಲಿ ವಾರ್ಡ್ ಆಫೀಸಿನ ಕಿರಿಯ ಎಂಜಿನಿಯರ್ ಮಹೇಂದ್ರ ಎಂಬುವನು ಬೈಕಿನಲ್ಲಿ ಬಂದ. ಅವನ ಕಷ್ಟ ಅವನಿಗೆ. ಆಫೀಸಿನ ಕಡತದಲ್ಲಿ ಐದನೇ ಅಡ್ಡರಸ್ತೆಗೆ ಡಾಂಬರು ಬಿದ್ದು ವರ್ಷವಾಗಿತ್ತು. ಫೋಟೊ ಒಂದು ಬಾಕಿಯಿತ್ತು. ಬೀದಿಯುದ್ದಕ್ಕೂ ಡಾಂಬರನ್ನು ಹುಡುಕುತ್ತ ಬಂದವನಿಗೆ ಕೊನೆಯಲ್ಲಿ ಮುನಿವೆಂಕಟಯ್ಯನವರ ಗೇಟು ಹಾರುಹೊಡೆದು ತೆರೆದಿರುವುದು ಕಂಡಿತು. ಮುನಿಕೃಷ್ಣಮ್ಮ ಒಳಗೆ ಸಂಡಿಗೆ ಒಣಹಾಕುತ್ತಿದ್ದರು. ಕಾದ ಡಾಂಬರಿನ ಮೇಲೆ ಸೀರೆ ಹಾಸಿ ಸಂಡಿಗೆ ಇಟ್ಟರೆ ಒಂದೇ ಮಧ್ಯಾಹ್ನಕ್ಕೆ ಗರಿಗರಿಯಾಗುತ್ತದೆ.

ಮಹೇಂದ್ರ ಬೈಕಿನಿಂದಿಳಿದು ಆ ಕಪ್ಪು ನೆಲವನ್ನು ಭಕ್ತಿಯಿಂದ ನೋಡಿದ. ಬಹಳ ಚೆನ್ನಾಗಿದೆ ಯಜಮಾನರೇ ಎಂದ. ಮೂರು ವರ್ಷದಲ್ಲಿ ಹಾಗೆಂದ ಮೊದಲ ಮನುಷ್ಯ ಅವನು. ಮುನಿವೆಂಕಟಯ್ಯನವರ ಎದೆ ಉಬ್ಬಿತು.

"ಇಂಥ ರೋಡು ಇಡೀ ವಾರ್ಡಲ್ಲಿ ಇನ್ನೊಂದು ತೋರ್ಸಿ ನೋಡಣ ಸಾರ್" ಎಂದರು.

ರೋಡು ಎಂಬ ಮಾತು ಅವರ ಬಾಯಿಂದಲೇ ಬಂದದ್ದನ್ನು ಇಲ್ಲಿ ದುಃಖದಿಂದ ದಾಖಲಿಸಬೇಕಾಗಿದೆ. ಮಹೇಂದ್ರ ಸಂಡಿಗೆ ಬರದ ಹಾಗೆ ನಾಲ್ಕು ಫೋಟೊ ತೆಗೆದು, ಟೇಪು ಹಿಡಿದು ಅಳೆದು, ಒಂದು ಕಾಗದ ಮುಂದೊಡ್ಡಿ ನಿಮ್ಮ ಅಭಿಪ್ರಾಯಕ್ಕೆ ಒಂದು ಸೈನ್ ಹಾಕಿ ಎಂದ. ಕನ್ನಡಕ ಒಳಗಿತ್ತು. ಮೆಚ್ಚುಗೆಯ ಕಾಗದ ಓದಲು ಕನ್ನಡಕ ಯಾಕೆ ಎಂದುಕೊಂಡ ಮುನಿವೆಂಕಟಯ್ಯನವರು ಇಂಗ್ಲಿಷಿನಲ್ಲಿ, ಬಾಲ ಎಳೆದು, ಕೆಳಗೆ ಎರಡು ಚುಕ್ಕಿ ಇಟ್ಟು ಸಹಿ ಮಾಡಿದರು.

ಹತ್ತು ದಿನಕ್ಕೆ ಇಬ್ಬರು ಬಂದು ಗೇಟಿನ ಪಕ್ಕ ಗುಂಡಿ ತೋಡಿ ಹಳದಿ ಬೋರ್ಡು ನೆಟ್ಟರು. 'ಐದನೇ ಅಡ್ಡರಸ್ತೆ. ಡಾಂಬರೀಕರಣ ಕಾಮಗಾರಿ ಪೂರ್ಣಗೊಂಡಿದೆ.' ಮುನಿವೆಂಕಟಯ್ಯನವರು ಅದನ್ನು ಪ್ರಶಸ್ತಿ ಎಂದು ಭಾವಿಸಿ ಆ ಇಬ್ಬರಿಗೂ ಕಾಫಿ ಕೊಡಿಸಿದರು. ಮರುವಾರ ಗೇಟಿಗೆ ನೋಟಿಸು ಅಂಟಿಕೊಂಡಿತು. ಅದನ್ನು ಓದುವಾಗ ಕನ್ನಡಕ ಇತ್ತು. ಸಾರ್ವಜನಿಕ ರಸ್ತೆಗೆ ಒಂದು ಕಡೆ ಗೇಟು, ಇನ್ನೊಂದು ಕಡೆ ಗೋಡೆ ಹಾಕಿ ಅಡ್ಡಿಪಡಿಸಿರುವುದರಿಂದ, ಅವೆರಡನ್ನೂ ಇಪ್ಪತ್ತೊಂದು ದಿನದೊಳಗೆ ತೆಗೆಯದಿದ್ದರೆ ಕಚೇರಿಯೇ ತೆಗೆಯುವುದಾಗಿ ಅದರಲ್ಲಿತ್ತು.

ಮೊಪೆಡ್ಡು ವಾರ್ಡ್ ಆಫೀಸಿಗೆ ಹಾರಿತು. ಮಹೇಂದ್ರ ಶಾಂತವಾಗಿ ಅವರದೇ ಸಹಿಯನ್ನು ತೋರಿಸಿದ. 'ನಮ್ಮ ಅಡ್ಡರಸ್ತೆಗೆ ತೃಪ್ತಿಕರವಾಗಿ ಡಾಂಬರು ಹಾಕಲಾಗಿದೆ' ಎಂಬ ಸಾಲಿನ ಕೆಳಗೆ, ಬಾಲ, ಎರಡು ಚುಕ್ಕಿ.

ಅದು ನನ್ನ ಮನೆಯ ಒಳಗಿನ ಜಾಗ, ನಾನೇ ಹಾಕಿಸಿದ ಡಾಂಬರು ಎಂದು ಮುನಿವೆಂಕಟಯ್ಯನವರು ಬಿಡಿಸಿ ಹೇಳಿದರು.

"ಮನೆ ಒಳಗೆ ಯಾರು ಸಾರ್ ಡಾಂಬರು ಹಾಕಿಸ್ತಾರೆ?" ಎಂದ ಮಹೇಂದ್ರ.

"ಡ್ರೈವ್‌ವೇ ಕಣ್ರೀ ಅದು."

"ಕಾರಿದೆಯಾ?"

"ಇಲ್ಲ."

ಮಹೇಂದ್ರ ಕಡತ ಮುಚ್ಚಿದ. ಪಕ್ಕದ ಮೇಜಿನ ಗುಮಾಸ್ತ ತಲೆ ಎತ್ತಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮತ್ತೆ ತಲೆ ತಗ್ಗಿಸಿ ಬರೆಯತೊಡಗಿದ.

ಮುನಿವೆಂಕಟಯ್ಯನವರು ಬೀದಿ ತಮ್ಮ ಬೆನ್ನಿಗೆ ನಿಲ್ಲುತ್ತದೆಂದುಕೊಂಡು ವಾಪಸ್ಸು ಬಂದರು. ಬೀದಿ ಆಗಲೇ ಗೋಡೆಯ ಕಡೆಗೆ ನೋಡತೊಡಗಿತ್ತು. ಆ ಗೋಡೆ ಹೋದರೆ ಬಸ್ ಸ್ಟಾಪಿಗೆ ಒಂದು ನಿಮಿಷ. ಈಗ ಸುತ್ತಿಬಳಸಿ ಹನ್ನೆರಡು ನಿಮಿಷ. ಗಂಗರತ್ನಮ್ಮ ಬಿಳಿ ಹಾಳೆ ಹಿಡಿದು ಮನೆಮನೆಗೆ ಹೋಗಿ ಗೋಡೆ ಒಡೆಯಿರಿ ಎಂಬ ಅರ್ಜಿಗೆ ಸಹಿ ಸಂಗ್ರಹಿಸಿದರು. ನಿನ್ನ ಮೇಲೆ ದ್ವೇಷ ಏನಿಲ್ಲ ಮುನಿಯಣ್ಣ, ಮಂಡಿನೋವು ನೋಡು ಎಂದು ಇವರ ಮುಂದೆಯೂ ಹಾಳೆ ಹಿಡಿದರು. ಸಹಿ ಮಾಡದೆ ಉಳಿದದ್ದು ಇವರ ಮನೆ ಬಿಟ್ಟರೆ ಒಂದೇ ಮನೆ: ಮೂಲೆಯಲ್ಲಿ ಬಟ್ಟೆ ಹೊಲಿಯುವ ನೂರ್‌ಜಹಾನ್ ಅವರದ್ದು. ಆಕೆ ಮಿಷನ್ನು ನಿಲ್ಲಿಸದೆ, ಇವತ್ತು ಅವರ ಅಂಗಳ ರಸ್ತೆ ಅಂದರೆ ನಾಳೆ ನನ್ನ ಮೆಟ್ಟಿಲು ಫುಟ್‌ಪಾತ್ ಅಂತಾರೆ, ಹೋಗಿಬನ್ನಿ ಎಂದರಂತೆ.

ನೋಟಿಸಿಗೆ ಹೆದರಿ ಮುನಿವೆಂಕಟಯ್ಯನವರು ಗೇಟು ಮುಚ್ಚದೆ ಬಿಟ್ಟಿದ್ದರು. ಬೋರ್ಡು ನೋಡಿ ಆಟೋಗಳು ಒಳಗೆ ನುಗ್ಗಿ ಗೋಡೆ ಕಂಡು ಬೈದುಕೊಂಡು ತಿರುಗತೊಡಗಿದವು. ಕಾರು ಕಲಿಸುವ ಶಾಲೆಯವನೊಬ್ಬ ರಿವರ್ಸ್ ಕಲಿಸಲು ದಿನಾ ಎಂಟು ಗಂಟೆಗೆ ಹಾಜರಾದ. ನೀರಿನ ಟ್ಯಾಂಕರೊಂದು ಒಳಗೆ ನಿಂತು ಬೊಗಸೆಯಷ್ಟು ಡೀಸೆಲ್ ಸೋರಿಸಿ ಹೋಯಿತು. ಡೀಸೆಲ್ ಬಿದ್ದಲ್ಲಿ ಡಾಂಬರು ಕರಗಿ ಜಲ್ಲಿ ಹಲ್ಲು ಕಿರಿಯಿತು. ಮುನಿವೆಂಕಟಯ್ಯನವರು ಆ ದಿನ ಊಟ ಮಾಡಲಿಲ್ಲ. ಕರಗಿದ್ದನ್ನು ಕೆತ್ತಿ ತೆಗೆದು, ತೇಪೆ ಹಾಕಿ, ಇಸ್ತ್ರಿ ಮಾಡಿದ ಮೇಲೆಯೇ ಕೈ ತೊಳೆದದ್ದು.

ಸುದ್ದಿ ತಿಳಿದು ರಾಜಾನುಕುಂಟೆಯಿಂದ ಮುನಿಕೃಷ್ಣಮ್ಮನ ಅಣ್ಣ ದೊಡ್ಡಮುನಿಯಪ್ಪ ಬಂದಿಳಿದ. ಎಲ್ಲ ಕೇಳಿ, ಎಲೆ ಅಡಿಕೆ ಜಗಿದು ಮುಗಿಸಿ, ತೀರ್ಪು ಕೊಟ್ಟ.

"ಇಂಗೆ ಮಾಡು ಬಾವ. ಡಾಂಬರು ಇದ್ರೆ ತಾನೆ ರಸ್ತೆ ಅನ್ನೋದು? ಎಲ್ಲಾನೂ ಕಿತ್ತಾಕ್ಬುಡು. ಆಗ ಅವ್ರು ಏನಂತಾರೋ ನೋಡಾನ."

ಇಡೀ ರಾತ್ರಿ ಹೊರಳಾಡಿದ ಮುನಿವೆಂಕಟಯ್ಯನವರು ಬೆಳಿಗ್ಗೆ ಹಾರೆ ಹಿಡಿದು ಡ್ರೈವ್‌ವೇ ಮಧ್ಯೆ ನಿಂತರು. ಕಣ್ಣು ಮುಚ್ಚಿ ಒಂದು ಏಟು ಹಾಕಿದರು. ತಟ್ಟೆಯಗಲ ಡಾಂಬರು ಎದ್ದಿತು. ಎರಡನೇ ಏಟಿಗೆ ಹಾರೆ ಎತ್ತುವಷ್ಟರಲ್ಲಿ, ಗಡುವು ನೆನಪಿಸಲು ಬಂದಿದ್ದ ಮಹೇಂದ್ರ ಗೇಟಿನಲ್ಲಿ ನಿಂತಿದ್ದ. ಅವನು ಬೇಸರದಿಂದ ತಲೆ ಆಡಿಸಿದ.

"ಅಗೆದುಬಿಟ್ರೆ ರಸ್ತೆ ಅಲ್ಲ ಅಂತಾಗಲ್ಲ ಯಜಮಾನ್ರೇ. ನಮ್ಮೂರಲ್ಲಿ ಅಗೆದಿರೋದನ್ನೇ ಅಲ್ವಾ ರಸ್ತೆ ಅನ್ನೋದು."

ಅಷ್ಟೇ ಅಲ್ಲದೆ, ಅನುಮತಿ ಇಲ್ಲದೆ ರಸ್ತೆ ಅಗೆದದ್ದಕ್ಕೆ ಇನ್ನೊಂದು ನೋಟಿಸು ಅಲ್ಲೇ ಬರೆದುಕೊಟ್ಟ. ದೊಡ್ಡಮುನಿಯಪ್ಪ ಹತ್ತೂವರೆ ಬಸ್ಸಿಗೆ ಊರಿಗೆ ಹೊರಟುಹೋದ.

ಆ ಹಾರೆಯ ಏಟು ಡಾಂಬರಿಗಿಂತ ಮುನಿವೆಂಕಟಯ್ಯನವರಿಗೇ ಚೆನ್ನಾಗಿ ತಗುಲಿತು. ಮೂವತ್ತೊಂದು ವರ್ಷ ಫೋರ್‌ಮನ್ ಹೇಳಿದ್ದಕ್ಕೆಲ್ಲ ಹೂಂ ಎಂದಿದ್ದ ಮನುಷ್ಯ ಅವರು. ಪಾಲಾಗುವಾಗ ಅಣ್ಣತಮ್ಮಂದಿರಿಗೂ ಹೂಂ ಎಂದಿದ್ದರು. ಆ ಸಂಜೆಯೇ ತಟ್ಟೆಯಗಲದ ಗುಂಡಿಯನ್ನು ಮುಚ್ಚಿ ಒತ್ತಿ ನಯ ಮಾಡಿದರು. ಮಾರನೇ ದಿನ ಬೆಳಿಗ್ಗೆ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದು ಡ್ರೈವ್‌ವೇಯ ನಟ್ಟನಡುವೆ, ಗೇಟಿಗೆ ಮುಖ ಮಾಡಿ ಹಾಕಿಕೊಂಡು, ಕೊಡೆ ಬಿಚ್ಚಿ ಕೂತರು. ಊಟ, ತಿಂಡಿ, ಪೇಪರು ಎಲ್ಲ ಅಲ್ಲೇ. ಆಟೋ ಬಂದು ಹಾರನ್ ಹೊಡೆದರೆ ಪೇಪರಿನ ಪುಟ ತಿರುಗಿಸುತ್ತಿದ್ದರು. ಕಾರು ಕಲಿಸುವವನು ಎರಡು ದಿನ ಕುರ್ಚಿಯನ್ನು ಗುರುತಿಗೆ ಇಟ್ಟ ಡ್ರಮ್ಮಿನ ಹಾಗೆ ಬಳಸಿಕೊಂಡು ಪಾಠ ಮಾಡಿದ. ಮೂರನೇ ದಿನ ಕಲಿಯುವ ಹುಡುಗಿ ಕುರ್ಚಿಯ ಕಾಲಿಗೆ ಬಂಪರ್ ತಾಗಿಸಿದರೂ ಮುನಿವೆಂಕಟಯ್ಯನವರು ಏಳದೆ, ಕೊಡೆಯನ್ನಷ್ಟೇ ಆ ಕೈಯಿಂದ ಈ ಕೈಗೆ ಬದಲಿಸಿದ್ದನ್ನು ಕಂಡು ಅವನು ಆರನೇ ಅಡ್ಡರಸ್ತೆಗೆ ಹೊರಟುಹೋದ.

ಮುನಿಕೃಷ್ಣಮ್ಮ ಮೊದಲೆರಡು ದಿನ ಬೈದರು. ಬೀದಿಯ ಹೆಂಗಸರು ನಗುವುದನ್ನು ಕಂಡ ಮೂರನೇ ದಿನ ಇನ್ನೊಂದು ಕುರ್ಚಿ ತಂದು ಪಕ್ಕದಲ್ಲಿ ಹಾಕಿಕೊಂಡು ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತರು.

ಗಡುವು ಮುಗಿಯಿತು. ಮೇಲಿನ ಆಫೀಸಿಗೆ ಇವರು ಬರೆದಿದ್ದ ಏಳು ಪತ್ರಗಳ ಫಲವೋ, ಗಂಗರತ್ನಮ್ಮನ ಅರ್ಜಿಯ ಫಲವೋ, ಜೂನ್ ಮೊದಲ ವಾರದಲ್ಲಿ ಹಿರಿಯ ಎಂಜಿನಿಯರ್ ತೇಜಸ್ವಿನಿ ಎಂಬುವರು ಸ್ಥಳ ಪರಿಶೀಲನೆಗೆ ಬಂದರು. ಹಿಂದಿನ ದಿನ ಜೋರು ಮಳೆಯಾಗಿತ್ತು. ಐದನೇ ಅಡ್ಡರಸ್ತೆಯ ಬಾಯಲ್ಲೇ ಅವರ ಜೀಪು ಹೂತುಕೊಂಡಿತು. ಆಕೆ ಇಳಿದು, ಇಟ್ಟಿಗೆಯಿಂದ ಇಟ್ಟಿಗೆಗೆ ಕಾಲಿಡುತ್ತ, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಗೇಟಿನವರೆಗೆ ಬಂದರು. ಹಿಂದೆ ಛತ್ರಿ ಹಿಡಿದ ಮಹೇಂದ್ರ. ಅವನ ಹಿಂದೆ ಬೀದಿ.

ಮುನಿವೆಂಕಟಯ್ಯನವರು ಇಸ್ತ್ರಿಯಾದ ಶರ್ಟು ತೊಟ್ಟು ಫೈಲು ಹಿಡಿದು ನಿಂತಿದ್ದರು. ಮನೆಯ ಖಾತಾ ಕೊಡಿ ಎಂದರು ತೇಜಸ್ವಿನಿ. ಇವರು ಕೊಟ್ಟದ್ದು ಮೊಪೆಡ್ಡಿನ ಇನ್ಶೂರೆನ್ಸು. ಅದಲ್ಲ ಎಂದಾಗ ಫೈಲು ತಡಕಾಡಿ ಬಿಂದುಶ್ರೀಯ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡು ಕೊಟ್ಟರು. ತೇಜಸ್ವಿನಿ ಅದನ್ನು ಪೂರ್ತಿ ಓದಿ, ಗಣಿತ ಸ್ವಲ್ಪ ಕಡಿಮೆ ಎಂದು ಹೇಳಿ ಹಿಂದಿರುಗಿಸಿದರು. ಕೊನೆಗೆ ಮುನಿಕೃಷ್ಣಮ್ಮ ಒಳಗೆ ಹೋಗಿ ಅಕ್ಕಿ ಡ್ರಮ್ಮಿನಿಂದ ಖಾತಾ ತೆಗೆದುತಂದರು. ಅದರಲ್ಲಿ ಓಣಿಯೂ ಸೇರಿ ಅಳತೆ ಸರಿಯಾಗಿತ್ತು. ಮಹೇಂದ್ರ ತಕ್ಷಣ ಸಹಿ ಮಾಡಿದ ಕಾಗದ ತೆಗೆದ. ಅದೂ ಸರಿಯಾಗಿತ್ತು. ತೇಜಸ್ವಿನಿ ಎರಡನ್ನೂ ಪಕ್ಕಪಕ್ಕ ಹಿಡಿದು, ಎರಡೂ ದಾಖಲೆಯೇ, ಡಾಂಬರು ಇಲಾಖೆಯದ್ದು ಅಂತ ಇಲ್ಲಿ ನಿಮ್ಮ ಸಹಿಯೇ ಇದೆಯಲ್ಲ ಎಂದರು.

ಮುನಿವೆಂಕಟಯ್ಯನವರು ಒಂದು ವಾರ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಭಾಷಣದ ಒಂದಕ್ಷರವೂ ನೆನಪಾಗಲಿಲ್ಲ. ಫೈಲನ್ನು ಕುರ್ಚಿಯ ಮೇಲೆ ಹಾಕಿದರು.

"ಮೇಡಂ, ಕಾಗದ ಬಿಡಿ. ಇದನ್ನ ಹಾಕ್ಸಿ ಮೂರು ವರ್ಷ ಆಯ್ತು. ಇದರಲ್ಲಿ ಒಂದು ಗುಂಡಿ ತೋರ್ಸಿ. ಒಂದೇ ಒಂದು. ತೋರಿಸ್ಬಿಟ್ರೆ ಗೇಟು, ಗೋಡೆ ಎರಡೂ ನಾನೇ ಒಡೀತೀನಿ."

ತೇಜಸ್ವಿನಿ ಗೇಟಿನಿಂದ ಹೊರಟು ತಲೆ ತಗ್ಗಿಸಿ ನಡೆಯತೊಡಗಿದರು. ಹಿಂದಿನ ದಿನದ ಮಳೆಯ ಒಂದು ತೊಟ್ಟೂ ಎಲ್ಲೂ ನಿಂತಿರಲಿಲ್ಲ. ಮುನಿವೆಂಕಟಯ್ಯನವರು ಹಿಂದೆ ಹಿಂದೆ ಹೋಗಿ ಆಕೆಯ ಬೂಟಿನಿಂದ ಉದುರಿದ ಕೆಸರನ್ನು ಕಡ್ಡಿಯಿಂದ ಅಂಚಿಗೆ ತಳ್ಳುತ್ತಿದ್ದರು. ನಡುವಿನಲ್ಲಿ ಆಕೆ ಗಕ್ಕನೆ ನಿಂತರು. ತಟ್ಟೆಯಗಲದ ಒಂದು ತೇಪೆ, ಸುತ್ತಲಿಗಿಂತ ಒಂದಿಷ್ಟು ಹೆಚ್ಚು ಕಪ್ಪು. ಮಹೇಂದ್ರನ ಮುಖ ಅರಳಿತು. ಇದೇನು ಎಂದು ಆಕೆ ಕೇಳಿದರು.

ಸುಳ್ಳು ಹೇಳಲು ಮುನಿವೆಂಕಟಯ್ಯನವರಿಗೆ ಒಂದು ಕ್ಷಣ ಆಸೆಯಾಯಿತು. ಯಾವ ಸುಳ್ಳೂ ಹೊಳೆಯಲಿಲ್ಲ.

"ಅದು ನಾನೇ ಅಗೆದಿದ್ದು ಮೇಡಂ, ಸಿಟ್ಟಿಗೆ. ಸಂಜೇನೇ ಮುಚ್ಚಿಬಿಟ್ಟೆ."

"ಅದೇ ದಿನ ಸಂಜೆ?"

"ಮತ್ತಿನ್ಯಾವಾಗ ಮೇಡಂ? ಹಂಗೇ ಬಿಟ್ರೆ ನೀರು ಇಳಿಯಲ್ವಾ."

ತೇಜಸ್ವಿನಿ ಬಗ್ಗಿ ತೇಪೆಯ ಮೇಲೆ ಬೆರಳಾಡಿಸಿದರು. ಎದ್ದು ಮಹೇಂದ್ರನ ಕಡೆ ತಿರುಗಿ, ವಾರ್ಡಿನಲ್ಲಿ ಒಂದು ಗುಂಡಿ ಮುಚ್ಚಲು ಎಷ್ಟು ದಿನ ಹಿಡಿಯುತ್ತದೆ ಎಂದು ವಿಚಾರಿಸಿದರು. ಮಹೇಂದ್ರ ಟೆಂಡರು, ಮಳೆಗಾಲ, ಸಿಬ್ಬಂದಿ ಎಂದು ಮೂರು ಪದ ಹೇಳಿ ನಿಲ್ಲಿಸಿದ. ಆಕೆ ಗೇಟಿನಾಚೆ ಹೂತುಕೊಂಡ ಜೀಪನ್ನು ಒಮ್ಮೆ ನೋಡಿದರು.

"ಮಹೇಂದ್ರ, ಇದು ನಮ್ಮದಲ್ಲ."

ಲಿಖಿತವಾಗಿ ಬೇಕು ಎಂದು ಮುನಿವೆಂಕಟಯ್ಯನವರು ಪಟ್ಟು ಹಿಡಿದರು. ಈ ಸಲ ಕನ್ನಡಕ ಹಾಕಿಕೊಂಡೇ ಕೇಳಿದರು. ಮೂರು ವಾರಕ್ಕೆ ಮೊಹರು ಸಮೇತ ಪತ್ರ ಬಂತು. 'ಸದರಿ ಜಾಗದಲ್ಲಿ ಮೂರು ವರ್ಷಗಳಿಂದ ಗುಂಡಿಗಳು ಇಲ್ಲದಿರುವುದು, ಮಳೆನೀರು ನಿಲ್ಲದಿರುವುದು ಹಾಗೂ ಬಿದ್ದ ಗುಂಡಿಯನ್ನು ಅದೇ ದಿನ ಮುಚ್ಚಿರುವುದು ಸ್ಥಳ ಪರಿಶೀಲನೆಯಲ್ಲಿ ಕಂಡುಬಂದಿರುವುದರಿಂದ, ಇದು ಸಾರ್ವಜನಿಕ ರಸ್ತೆಯಲ್ಲವೆಂದು ದೃಢಪಡಿಸಲಾಗಿದೆ.' ಮುನಿಕೃಷ್ಣಮ್ಮ ಅದನ್ನು ಎರಡು ಸಲ ಓದಿಸಿಕೊಂಡು, ಕಟ್ಟು ಹಾಕಿಸಿ ಮಗಳ ಮದುವೆ ಫೋಟೊ ಪಕ್ಕದ ಮೊಳೆಗೆ ತೂಗುಹಾಕಿದರು.

ಈಗ ಕಡತದಲ್ಲಿ ಒಂದು ತೂತು ಬಿತ್ತು. ಒಳಗಿನ ಎಂಬತ್ತು ಅಡಿ ಐದನೇ ಅಡ್ಡರಸ್ತೆ ಅಲ್ಲವೆಂದಾದರೆ, ಮುಗಿದಿದೆ ಎಂದು ಬರೆದ ಡಾಂಬರು ಎಲ್ಲಿ? ತೇಜಸ್ವಿನಿ ಇದನ್ನೇ ಕೆಂಪು ಶಾಯಿಯಲ್ಲಿ ಕೇಳಿದ್ದರಂತೆ. ಮಳೆ ನಿಂತ ಮೇಲೆ, ಡಿಸೆಂಬರಿನ ಒಂದು ಬೆಳಿಗ್ಗೆ, ರೋಲರು, ಆಳುಗಳು ಮತ್ತು ಹೊಗೆಯಾಡುವ ಡಾಂಬರು ತುಂಬಿದ ಲಾರಿಯೊಂದಿಗೆ ಮಹೇಂದ್ರ ಖುದ್ದು ಹಾಜರಾದ. ಬೀದಿಗೆ ಬೀದಿಯೇ ಹಬ್ಬದ ಹಾಗೆ ಹೊರಗೆ ಬಂದು ನಿಂತಿತು. ಲಾರಿ ಮೂತಿ ಮುಂದಾಗಿ ಬೀದಿಯ ಕೊನೆಯವರೆಗೆ ಬಂದು, ಮಗ್ಗುಲಿನ ಹಲಗೆ ಇಳಿಸಿ ಗೇಟಿನ ಪಕ್ಕಕ್ಕೆ ಸರಕು ಸುರಿಯಿತು. ಆಮೇಲೆ ತಿರುಗಲು ಜಾಗವಿಲ್ಲದೆ ನಿಂತಿತು.

ಡ್ರೈವರ್ ಇಳಿದುಬಂದು, ಗೇಟು ತೆಗೆದರೆ ಒಳಗೆ ಮೂತಿ ಹಾಕಿ ತಿರುಗಿಸಿಕೊಳ್ಳುತ್ತೇನೆ ಎಂದ. ಮುನಿವೆಂಕಟಯ್ಯನವರು ಲಾರಿಯ ಅಡಿ ಬಗ್ಗಿ ನೋಡಿದರು. ಎಂಜಿನ್ನಿನಿಂದ ತೊಟ್ಟು ತೊಟ್ಟಾಗಿ ಎಣ್ಣೆ ಇಳಿಯುತ್ತಿತ್ತು. ಆಗುವುದಿಲ್ಲ ಎಂದರು. ಮಹೇಂದ್ರ ಬಂದು ಕೈಮುಗಿದ. ಬೀದಿಯವರು ಒಬ್ಬೊಬ್ಬರಾಗಿ ಬುದ್ಧಿ ಹೇಳಿದರು. ಕೊನೆಗೆ ಗಂಗರತ್ನಮ್ಮ ಮಂಡಿ ಹಿಡಿದುಕೊಂಡು ಬಂದು, ಎಲ್ಲರ ರಸ್ತೆ ಕೆಲಸ ನಿಂತಿದೆ, ಹಳೆಯದೆಲ್ಲ ಮರೆತುಬಿಡು ಎಂದರು.

"ಮರ್ತಾಯ್ತು ಗಂಗಮ್ಮ. ಆದ್ರೆ ಲಾರಿ ತಿರುಗಿಸೋಕೆ ರಸ್ತೆ ಬೇಕು. ಇಲ್ಲಿ ರಸ್ತೆ ಇಲ್ಲ ಅಂತ ಇವರೇ ಬರ್ಕೊಟ್ಟಿದಾರೆ. ಒಳಗೆ ಗೋಡೆ ಮೇಲಿದೆ, ಬೇಕಾದ್ರೆ ತಂದು ತೋರಿಸ್ತೀನಿ."

ಡ್ರೈವರ್ ಲಾರಿ ಹತ್ತಿ ಕೂತ. ಲಾರಿ ಹಿಂದಕ್ಕೆ ಹೊರಟಿತು. ಹಿಂದುಹಿಂದಕ್ಕೆ ಆರುನೂರು ಅಡಿ. ಮಹೇಂದ್ರ ಅದರ ಬೆನ್ನಿಗೆ ನಡೆಯುತ್ತ, ಹಲಗೆಯನ್ನು ಡಬಡಬ ಬಡಿಯುತ್ತ, ಬರಲಿ ಬರಲಿ, ಲೆಫ್ಟ್ ಕಟ್ ಮಾಡಿ ಎಂದು ಕೂಗುತ್ತಿದ್ದ. ಇಪ್ಪತ್ತೆರಡು ಮನೆಯವರು ತಂತಮ್ಮ ಮೆಟ್ಟಿಲು, ಮೋಟರ್ ಬೈಕು, ಹೂಕುಂಡ ಕಾಪಾಡಿಕೊಳ್ಳಲು ಓಡಾಡಿದರು. ನೂರ್‌ಜಹಾನ್ ತಮ್ಮ ಮೆಟ್ಟಿಲಿನ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. ಲಾರಿ ಅವರ ಮನೆಯಿಂದ ಎರಡು ಗೇಣು ದೂರವೇ ಹೋಯಿತು.

ಲಾರಿ ಮೂಲೆ ದಾಟುವವರೆಗೆ ನೋಡಿ ಮುನಿವೆಂಕಟಯ್ಯನವರು ಒಳಗೆ ಬಂದು ಗೇಟಿಗೆ ಚಿಲಕ ಹಾಕಿದರು. ಸರಕು ಸುರಿಯುವಾಗ ಸಿಡಿದ ಒಂದು ಹಿಡಿ ಬಿಸಿ ಡಾಂಬರು ಗೇಟಿನ ಸಂದಿಯಿಂದ ಒಳಗೆ ಬಂದು ಬಿದ್ದಿತ್ತು. ಸಲಿಕೆಯಲ್ಲಿ ಅದನ್ನು ಜೋಪಾನವಾಗಿ ಎತ್ತಿ, ಗೇಟಿನ ಮೇಲಿಂದ ಹೊರಗೆ ಎಸೆದರು. ಅದು ಸರ್ಕಾರದ್ದು.